ಜಾರಿದ ಸುರುಳಿ, ಉಂಬಳದ ಗಾಯ

ಮಿದುಳಿನ ರಕ್ತನಾಳದಲ್ಲಿ ಇಟ್ಟ ಕಾಯಿಲ್ ಎಂಬ ತಂತಿಯ ಸುರುಳಿ ಜಾರಿ ಹೊರಬಂದರೆ ಏನು ಮಾಡಬೇಕು ಎಂಬುದಕ್ಕೆ ನಮ್ಮ ಪುಸ್ತಕಗಳಲ್ಲಿ ಉತ್ತರವಿದೆ. ಒಂದಲ್ಲ, ಹಲವು ಉತ್ತರಗಳಿವೆ. ಯಾವ ಉತ್ತರವನ್ನು ಆರಿಸಬೇಕು ಎಂಬುದು ಕೆರೆಕಟ್ಟೆಯ ಕಾಲುದಾರಿಯಲ್ಲಿ ಮೊದಲೇ ತೀರ್ಮಾನವಾಗಿರಬಹುದು ಎಂದು ಮಾತ್ರ ಯಾವ ಪುಸ್ತಕದಲ್ಲೂ ಬರೆದಿಲ್ಲ. ನನಗೆ ಅದು ತಿಳಿದದ್ದು ಒಬ್ಬ ಬಸ್ ಕಂಡಕ್ಟರ್ ನನ್ನೆದುರು ಮೇಜಿನ ಮೇಲೆ ಎಚ್ಚರವಿಲ್ಲದೆ ಮಲಗಿದ್ದಾಗ.

ಆತ ನರಸಿಂಹರಾಜಪುರದಿಂದ ಕೊಪ್ಪ, ಶೃಂಗೇರಿ ಮೇಲೆ ಕೆರೆಕಟ್ಟೆಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ವಯಸ್ಸು ಐವತ್ತರ ಆಸುಪಾಸು. ಸಂಜೆಯ ಟ್ರಿಪ್ ಮುಗಿದ ಮೇಲೆ ಬಸ್ಸು ಕೆರೆಕಟ್ಟೆಯಲ್ಲೇ ಹಾಲ್ಟ್. ಆತನ ಮನೆಯೂ ಅಲ್ಲೇ, ರಸ್ತೆಯಿಂದ ಕೆಳಗಿಳಿದು ಕಾಡಂಚಿನಲ್ಲಿ ಒಂದಷ್ಟು ದೂರ ನಡೆಯಬೇಕು. ತಲೆನೋವು ಎಂದು ಮಾಡಿಸಿದ ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ದೊಡ್ಡ ರಕ್ತನಾಳ ಕವಲೊಡೆಯುವ ಜಾಗದಲ್ಲಿ ಒಂದು ಗುಳ್ಳೆ ಕಾಣಿಸಿತ್ತು. ನಾಳದ ಗೋಡೆ ತೆಳುವಾಗಿ ಉಬ್ಬಿ ನಿಂತ ಗುಳ್ಳೆ. ಅದು ಒಡೆದಿರಲಿಲ್ಲ. ಆದರೆ ಆತನ ತಾಯಿ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದವರು ತಲೆ ಹಿಡಿದುಕೊಂಡು ಕುಸಿದು, ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರಂತೆ. ಅದನ್ನು ಕೇಳಿದ ಮೇಲೆ ಸುಮ್ಮನೆ ಕಾಯೋಣ ಎನ್ನುವ ಧೈರ್ಯ ನನಗೂ ಬರಲಿಲ್ಲ.

ಘಟ್ಟದ ಕೆಳಗಿನ ನಮ್ಮ ಆಸ್ಪತ್ರೆಗೆ ಆತ, ಆತನ ಹೆಂಡತಿ ಇಬ್ಬರೂ ಬಂದದ್ದು ಮಳೆ ಹಿಡಿಯುವ ಹೊತ್ತಿಗೆ. ತಲೆ ತೆರೆಯದೆ, ತೊಡೆಯ ಸಂದಿನ ರಕ್ತನಾಳದಿಂದ ಒಂದು ನಳಿಗೆ ತೂರಿಸಿ ಮಿದುಳಿನವರೆಗೆ ಹೋಗಿ, ಗುಳ್ಳೆಯೊಳಗೆ ಪ್ಲಾಟಿನಂ ತಂತಿಯ ಸಣ್ಣ ಸುರುಳಿಗಳನ್ನು ತುಂಬಿ ಅದರ ಬಾಯಿ ಮುಚ್ಚುತ್ತೇವೆ ಎಂದು ವಿವರಿಸಿದೆ. ಆ ಸುರುಳಿಗಳಿಗೇ ಕಾಯಿಲ್ ಎನ್ನುವುದು. ಗುಳ್ಳೆಯ ಬಾಯಿ ಅಗಲವಾಗಿದೆ, ಸುರುಳಿ ನಿಲ್ಲದಿದ್ದರೆ ಜಾಲರಿಯಂಥ ಸ್ಟೆಂಟ್ ಒಂದನ್ನು ನಾಳದಲ್ಲಿ ಇಡಬೇಕಾದೀತು, ಅದಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಬಗೆಯ ಮಾತ್ರೆಗಳನ್ನು ಈಗಿನಿಂದಲೇ ತಪ್ಪದೆ ನುಂಗಬೇಕು ಎಂದೂ ಹೇಳಿದೆ. ಎಡಭಾಗ ಮಾತಿನ ಜಾಗ, ಏನಾದರೂ ಆದರೆ ಮಾತಿಗೆ ತೊಂದರೆಯಾಗಬಹುದು ಎನ್ನುವುದನ್ನೂ ಮುಚ್ಚಿಡಲಿಲ್ಲ.

"ಕೈ ಹೋದ್ರೆ ಇನ್ನೊಂದು ಕೈಲಿ ಟಿಕೆಟ್ ಹರಿಬೋದು ಡಾಕ್ಟ್ರೆ. ಬಾಯಿ ಹೋದ್ರೆ ನಮ್ಮ ಬಸ್ಸು ಹೋಗಲ್ಲ" ಎಂದ.

ನಕ್ಕೇ ಹೇಳಿದ್ದು. ಆದರೆ ಕಣ್ಣು ನನ್ನ ಮುಖದ ಮೇಲೇ ಇತ್ತು. ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಏನೋ ಹೇಳಿದೆ. ಮಳೆಗಾಲದಲ್ಲಿ ಬಸ್ಸಿಗೆ ಜನ ಕಡಿಮೆ, ಮಾಲೀಕರು ರಜೆ ಕೊಡುತ್ತಾರೆ, ಈಗಲೇ ಮುಗಿಸಿಬಿಡಿ ಎಂದು ಕೇಳಿಕೊಂಡವನು ಆತನೇ. ಹೊರಡುವಾಗ ನನ್ನ ಊರು ಯಾವುದೆಂದು ವಿಚಾರಿಸಿದ. ಮೇಗುಂದದ ಕಡೆ ಎಂದೆ. "ಹಂಗಾದ್ರೆ ನಮ್ಮವ್ರೇ ಆಯ್ತಲ್ಲ ಮಾರಾಯ್ರೆ" ಎಂದು ಖುಷಿಯಾಗಿ ಹೆಂಡತಿಯ ಕಡೆ ತಿರುಗಿ, "ಏ ನೆಮ್ಮಾರು, ಚೀಟಿ ಇಸ್ಕೋ" ಎಂದ.

ಹೆಂಡತಿಯನ್ನು ಹಾಗೆ ಕರೆಯುವುದು ನನಗೆ ವಿಚಿತ್ರವೆನಿಸಿತು. ನೆಮ್ಮಾರು ಶೃಂಗೇರಿಯಿಂದ ಕೆರೆಕಟ್ಟೆಗೆ ಹೋಗುವ ದಾರಿಯಲ್ಲಿರುವ ಊರು. ಆಕೆಯೇ ನಾಚಿಕೊಂಡು, ತನ್ನ ತವರು ಅದು, ಮದುವೆಗೆ ಮೊದಲಿಂದಲೂ ಇವರು ಹಾಗೇ ಕರೆಯುವುದು ಎಂದಳು. "ನೆಮ್ಮಾರಲ್ಲಿ ಹತ್ತಿದ್ದು, ಇನ್ನೂ ಇಳಿದಿಲ್ಲ. ಟಿಕೆಟ್ಟೂ ತಗೊಂಡಿಲ್ಲ" ಎಂದು ಆತ ಸೇರಿಸಿದ. ಬಾಗಿಲಲ್ಲಿದ್ದ ನರ್ಸ್ ಕೂಡ ನಕ್ಕಳು.

ಚಿಕಿತ್ಸೆಯ ದಿನ ಬೆಳಿಗ್ಗೆ ರೂಢಿಯಂತೆ ಕೇಳಬೇಕಾದದ್ದನ್ನೆಲ್ಲ ಕೇಳಿದೆವು. ಮಾತ್ರೆ ತೆಗೆದುಕೊಂಡಿದ್ದೀರಾ? ಹೂಂ. ಮೂಗಿನಲ್ಲಿ, ಒಸಡಿನಲ್ಲಿ ರಕ್ತ ಬಂದಿತ್ತೇ? ಇಲ್ಲ. ಮೂತ್ರದಲ್ಲಿ? ಇಲ್ಲ. ಮಾತ್ರೆ ರಕ್ತಕ್ಕೆ ಹಿಡಿದಿದೆಯೇ ಎಂದು ನೋಡುವ ಪರೀಕ್ಷೆ ನಮ್ಮಲ್ಲಿರಲಿಲ್ಲ. ರೋಗಿಯ ಮಾತನ್ನೇ ನಂಬುವುದು ನಮ್ಮ ಪದ್ಧತಿ.

ಅರಿವಳಿಕೆ ಕೊಡುವ ವೈದ್ಯೆ ಮುಖಕ್ಕೆ ಮಾಸ್ಕ್ ಹಿಡಿದು, ಒಂದರಿಂದ ಎಣಿಸುತ್ತಾ ಹೋಗಿ ಎಂದರು. ಎಣಿಸುವುದಕ್ಕಿಂತ ಊರು ಹೇಳುವುದು ತನಗೆ ಸಲೀಸು ಎಂದು ಆತ ಮಾಸ್ಕಿನೊಳಗಿಂದಲೇ ಶುರುಮಾಡಿದ. ಬಸ್ ಸ್ಟ್ಯಾಂಡಿನಲ್ಲಿ ಕೂಗುವ ಅದೇ ರಾಗ, ಕೊನೆಯಕ್ಷರ ಎಳೆದು ಬಿಡುವುದು. "ಕೊಪ್ಪಾ... ಹರಿಹರಪುರಾ... ಶೃಂಗೇರೀ... ನೆಮ್ಮಾರೂ..." ಮುಂದಿನ ತನಿಕೋಡು ಬರುವ ಮೊದಲೇ ನಿದ್ದೆ ಹತ್ತಿತು. ಕೊಠಡಿಯಲ್ಲಿ ಎಲ್ಲರೂ ನಗುಮುಖದಲ್ಲಿ ಕೆಲಸ ಆರಂಭಿಸಿದೆವು.

ಮೊದಲ ಭಾಗ ಹೂವೆತ್ತಿದಂತೆ ನಡೆಯಿತು. ದಪ್ಪ ನಳಿಗೆಯನ್ನು ಕುತ್ತಿಗೆಯ ಎಡಭಾಗದ ರಕ್ತನಾಳದಲ್ಲಿ ನಿಲ್ಲಿಸಿ, ಅದರೊಳಗಿಂದ ಸಣ್ಣ ನಳಿಗೆಯನ್ನು ಗುಳ್ಳೆಯೊಳಕ್ಕೆ ಕಳಿಸಿದೆ. ಸುರುಳಿಗಳು ಹೊರಗೆ ಸರಿಯದಂತೆ ಗುಳ್ಳೆಯ ಬಾಯಿಗೆ ಅಡ್ಡಲಾಗಿ ಒಂದು ಪುಟ್ಟ ಬಲೂನ್ ಊದಿಟ್ಟುಕೊಂಡೆ. ಮೊದಲ ಸುರುಳಿ ಬುಟ್ಟಿಯಂತೆ ಚೆನ್ನಾಗಿ ಬಿಚ್ಚಿಕೊಂಡಿತು. ಉಳಿದವು ಅದರೊಳಗೆ ಒಂದೊಂದಾಗಿ ಕುಳಿತವು. ಬಾಯಿಯ ಹತ್ತಿರ ಒಂದಿಷ್ಟು ಜಾಗ ಉಳಿದಿತ್ತು. ಅಲ್ಲಿಗೊಂದು ಚಿಕ್ಕ ಸುರುಳಿ ಹಾಕಿ, ಬಲೂನ್ ಇಳಿಸಿ ನೋಡಿದೆ. ಅಲುಗಲಿಲ್ಲ. ತಂತಿಯಿಂದ ಬಿಡಿಸಿದೆ. ಸ್ಟೆಂಟ್ ಬೇಕಾಗಲಿಲ್ಲ ಎಂದು ಟೆಕ್ನಿಷಿಯನ್ ಹೇಳಿದ್ದೂ ನೆನಪಿದೆ.

ಸಣ್ಣ ನಳಿಗೆಯನ್ನು ಹಿಂದಕ್ಕೆ ಎಳೆದಾಗ ಆ ಕೊನೆಯ ಸುರುಳಿ ಅದಕ್ಕೇ ಅಂಟಿಕೊಂಡು ಬಂತು. ಒಂದು ಎಳೆ ಹೊರಗೆ ಇಣುಕಿತು. ನಾನು ಕೈ ನಿಲ್ಲಿಸಿದೆ. ಅಷ್ಟರಲ್ಲಿ ರಕ್ತದ ಸೆಳೆತಕ್ಕೆ ಸಿಕ್ಕು ಇಡೀ ಸುರುಳಿ ಈಚೆ ಬಂದು, ಮುಂದಕ್ಕೆ ತೇಲಿ, ಮೇಲಿನ ಕವಲಿನ ಬಾಯಲ್ಲಿ ಸಿಕ್ಕಿಬಿತ್ತು. ಪರದೆಯ ಮೇಲೆ ಅದು ಕಂಡದ್ದು ತಲೆಕೂದಲಿನ ಗಂಟಿನಷ್ಟು. ಅದರ ತಲೆ ಕವಲೊಳಗೆ, ಬಾಲ ದೊಡ್ಡ ನಾಳದಲ್ಲಿ. ಆ ಮೇಲಿನ ಕವಲೇ ಮಾತಿನ ಜಾಗಕ್ಕೆ ರಕ್ತ ಒಯ್ಯುವುದು.

ಇದು ಆಗಬಾರದ್ದು, ಆದರೆ ಆಗದೇ ಇರುವಂಥದ್ದೇನಲ್ಲ. ಎಷ್ಟು ಎಚ್ಚರ ವಹಿಸಿದರೂ ಕೆಲವೊಮ್ಮೆ ಸುರುಳಿ ಜಾರುತ್ತದೆ. ಆಗ ಮುಖ್ಯವಾಗಿ ಎರಡು ದಾರಿ. ಒಂದು, ಜಾರಿದ್ದನ್ನು ಹಿಡಿದು ಹೊರಗೆಳೆಯುವುದು. ಇನ್ನೊಂದು, ಅದು ಇದ್ದಲ್ಲೇ ಅದರ ಮೇಲೆ ಸ್ಟೆಂಟ್ ಬಿಡಿಸಿ ನಾಳದ ಗೋಡೆಗೆ ಒತ್ತಿಬಿಡುವುದು. ಒತ್ತುವುದು ಸುಲಭ, ಬೇಗ ಮುಗಿಯುತ್ತದೆ. ಎಳೆಯಲು ಹೋದರೆ ನಾಳ ಹರಿಯಬಹುದು, ಸುರುಳಿ ಬಿಚ್ಚಿಕೊಂಡು ಉದ್ದ ತಂತಿಯಾಗಬಹುದು, ಒಳಗೆ ಕುಳಿತ ಉಳಿದವನ್ನೂ ಎಬ್ಬಿಸಬಹುದು. ಹೇಗೂ ಮಾತ್ರೆ ತಿಂದು ಬಂದವರು, ಒತ್ತಿಬಿಡೋಣ ಎಂದು ನಾನು ಸ್ಟೆಂಟ್ ತೆರೆಯಲು ಹೇಳಿದೆ.

ಸ್ಟೆಂಟ್ ಕೈಗೆ ಬರುವ ಮೊದಲು ಇನ್ನೊಮ್ಮೆ ನಾಳಕ್ಕೆ ಬಣ್ಣದ ದ್ರವ ಬಿಟ್ಟು ನೋಡಿದೆ. ಸುರುಳಿಯ ಸುತ್ತ ನಾಳದ ಅಂಚು ಮಸುಕಾಗಿತ್ತು. ಹೆಪ್ಪು ಕಟ್ಟುತ್ತಿತ್ತು. ಹೆಪ್ಪು ಕಟ್ಟದಂತೆ ರಕ್ತನಾಳಕ್ಕೆ ಕೊಟ್ಟ ಔಷಧಿ ಸಾಕಷ್ಟಿದೆ ಎಂದು ಅರಿವಳಿಕೆಯ ವೈದ್ಯೆ ಪರೀಕ್ಷಿಸಿ ಹೇಳಿದರು. ಮತ್ತೆ ನೋಡಿದೆ. ಮಸುಕು ಹೆಚ್ಚಾಗಿತ್ತು. ಎರಡೂ ಮಾತ್ರೆ ಹಿಡಿದ ರಕ್ತ ಇಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ನನಗೆ ಹೆದರಿಕೆಯಾಯಿತು. ಹೊರಗೆ ಹೋಗಿ ಹೆಂಡತಿಯನ್ನು ಮಾತ್ರೆಯ ವಿಷಯ ಕೇಳಿ, ಅವರನ್ನೇ ಫೋನಿನಲ್ಲಿ ಮಾತಾಡಿಸಿ ಎಂದು ಜೊತೆಗಿದ್ದ ಕಿರಿಯ ವೈದ್ಯೆಯನ್ನು ಕಳಿಸಿದೆ. ನನ್ನ ಕೈಗಳಿಗೆ ಬಿಡುವಿರಲಿಲ್ಲ. ಟೆಕ್ನಿಷಿಯನ್ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದುಕೊಂಡ.

ಮೊದಲು ಆಕೆ ತೆಗೆದುಕೊಂಡಿದ್ದಾರೆ ಎಂದೇ ಹೇಳಿದಳು. ಇದರ ಮೇಲೇ ಎಲ್ಲ ನಿಂತಿದೆ, ಸಿಟ್ಟು ಮಾಡುವುದಿಲ್ಲ, ಇದ್ದದ್ದು ಹೇಳಿ ಎಂದೆ.

"ಮೊದ್ಲು ತಗೊಂಡ್ರು. ಆಮೇಲೆ ನಾನೇ ನಿಲ್ಸಿದೆ ಡಾಕ್ಟ್ರೆ. ಉಂಬಳ ಹಿಡಿದದ್ದು ರಕ್ತ ನಿಲ್ತಾನೇ ಇರ್ಲಿಲ್ಲ. ಬೆಳಗಾ ನೋಡಿದ್ರೆ ಹಾಸಿಗೆ ಎಲ್ಲ ಕೆಂಪು. ಸುಣ್ಣ ಹಚ್ಚಿದೆ, ಹೊಗೆಸೊಪ್ಪು ಒತ್ತಿ ಕಟ್ಟಿದೆ, ಎಂತ ಮಾಡಿದ್ರೂ ಇಲ್ಲ. ತಲೆ ಆಪರೇಷನ್ನಿಗೆ ಹೋಗೋರು, ಇರೋ ರಕ್ತನೂ ಹೋದ್ರೆ ಹೆಂಗೆ ಅಂತ ಹೆದ್ರಿಕೆ ಆಯ್ತು."

ಹಾಗಿದ್ದರೆ ರಕ್ತ ಬಂದಿತ್ತೇ ಎಂದು ಕೇಳಿದಾಗ ಯಾಕೆ ಇಲ್ಲ ಎಂದಿರಿ ಎಂದು ಕಿರಿಯ ವೈದ್ಯೆ ಕೇಳಿದ್ದು ಕೇಳಿಸಿತು.

"ಉಂಬಳ ಕಚ್ಚಿದ್ದನ್ನೂ ಹೇಳ್ಬೇಕಾ?" ಎಂದಳು ಆಕೆ. ಕೇಳಿದ ರೀತಿಯಲ್ಲಿ ಕಪಟವಿರಲಿಲ್ಲ.

ಉಂಬಳ ಅಂದರೆ ಜಿಗಣೆ. ಬಯಲುಸೀಮೆಯವರಿಗೆ ಅದರ ಹೆಸರು ಕೇಳಿದರೆ ಮೈ ಜುಂ ಎನ್ನುತ್ತದೆ. ನಮ್ಮ ಕಡೆ ಮಳೆಗಾಲದಲ್ಲಿ ಕಾಲಿಗೆ ನಾಲ್ಕು ಉಂಬಳ ಹತ್ತದ ದಿನವಿಲ್ಲ. ಕಿತ್ತು ಎಸೆದು, ಪೇಪರ್ ಚೂರು ಅಂಟಿಸಿ, ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಅದು ಗಾಯವಲ್ಲ, ಅದರಲ್ಲಿ ಬಂದದ್ದು ರಕ್ತಸ್ರಾವವೂ ಅಲ್ಲ. ಮೇಗುಂದದ ಗದ್ದೆಯಂಚಿನಲ್ಲಿ ನಡೆದೇ ಶಾಲೆಗೆ ಹೋದವನು ನಾನು, ಆದರೂ ನನ್ನ ಪ್ರಶ್ನೆಗಳಲ್ಲಿ ಮೂಗು, ಒಸಡು, ಮೂತ್ರ ಎಲ್ಲ ಇತ್ತು, ಕಾಲಿನ ಉಂಬಳ ಇರಲಿಲ್ಲ. ಆಕೆ ಹೆದರಿದ ಆ ನಿಲ್ಲದ ರಕ್ತ, ಮಾತ್ರೆ ಚೆನ್ನಾಗಿ ಹಿಡಿಯುತ್ತಿದೆ ಎನ್ನುವುದರ ಗುರುತಾಗಿತ್ತು. ಬಿಟ್ಟಿದ್ದೇವೆಂದು ಗೊತ್ತಾದರೆ ವಾಪಸು ಕಳಿಸುತ್ತಾರೆ, ಸಿಕ್ಕ ರಜೆ ಹಾಳಾಗುತ್ತದೆ ಎಂದು ಗಂಡಹೆಂಡತಿ ಮಾತಾಡಿಕೊಂಡು ಹೂಂ ಎಂದಿದ್ದರು.

ಈಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಸ್ಟೆಂಟ್ ಇಡಲೇಬಾರದೆಂದೇನಿಲ್ಲ. ತಕ್ಷಣಕ್ಕೆ ಕೆಲಸ ಮಾಡುವ ಇಂಜೆಕ್ಷನ್ ಇದೆ, ಮೂಗಿನ ನಳಿಗೆಯಿಂದ ಮಾತ್ರೆ ಪುಡಿಮಾಡಿ ಹಾಕಬಹುದು. ಅರಿವಳಿಕೆಯ ವೈದ್ಯೆ ಅದನ್ನೇ ಸೂಚಿಸಿದರು. ತಪ್ಪೇನೂ ಹೇಳಲಿಲ್ಲ. ಆದರೆ ಸ್ಟೆಂಟ್ ಇಟ್ಟ ಮೇಲೆ ತಿಂಗಳುಗಟ್ಟಲೆ ಆ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ತಪ್ಪಿದರೆ ಜಾಲರಿಯೇ ಹೆಪ್ಪುಗಟ್ಟಿ ಇಡೀ ನಾಳ ಮುಚ್ಚುತ್ತದೆ. ಆಗ ಹೋಗುವುದು ಮಾತೊಂದೇ ಅಲ್ಲ. ಮಳೆ ಇನ್ನೂ ಮುಂದೆ ಪೂರ್ತಿ ಬಾಕಿಯಿತ್ತು. ಆತ ಪ್ರತಿ ಸಂಜೆ ಅದೇ ಕಾಲುದಾರಿಯಲ್ಲಿ ಇಳಿದು ಹೋಗುತ್ತಾನೆ, ಪ್ರತಿ ಸಂಜೆ ಕಾಲು ಕೆಂಪಾಗುತ್ತದೆ. ನಾನು ಎಷ್ಟೇ ಹೇಳಿ ಕಳಿಸಿದರೂ, ಒಂದು ದಿನ ಹಾಸಿಗೆ ಒದ್ದೆಯಾದಾಗ ಆಕೆಗೆ ನನ್ನ ಮಾತಿಗಿಂತ ಕಣ್ಣೆದುರಿನ ರಕ್ತವೇ ದೊಡ್ಡದಾಗಿ ಕಾಣುತ್ತದೆ.

ಎಳೆಯೋಣ ಎಂದೆ.

ಮೊದಲು ಕುಣಿಕೆ ತಂತಿ ಕಳಿಸಿದೆ. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಬಿಟ್ಟು ಎತ್ತುವ ಕೆಲಸದಂತೆಯೇ ಇದು. ಬಾವಿಯಲ್ಲಾದರೆ ಕೈಗೆ ಭಾರ ಗೊತ್ತಾಗುತ್ತದೆ. ಇಲ್ಲಿ ಪರದೆಯ ಮೇಲಿನ ಕಪ್ಪು ಗೆರೆಯೊಂದೇ ಆಧಾರ. ಕುಣಿಕೆ ಬಾಲಕ್ಕೆ ಬಿತ್ತು. ಬಿಗಿದು ಮೆಲ್ಲಗೆ ಎಳೆದೆ. ಸುರುಳಿ ಬರಲಿಲ್ಲ, ಬಿಚ್ಚಿಕೊಳ್ಳತೊಡಗಿತು. ಇನ್ನು ಎಳೆದರೆ ನೂಲಾಗುತ್ತದೆ ಎನಿಸಿ ಬಿಟ್ಟೆ. ಮತ್ತೊಮ್ಮೆ ಹಾಕಿದೆ, ಜಾರಿತು. ಅಷ್ಟರಲ್ಲಿ ಮೇಲಿನ ಕವಲಿನಲ್ಲಿ ಬಣ್ಣ ಹರಿಯುವುದು ಪೂರ್ತಿ ನಿಂತಿತು. ಹೆಪ್ಪು ಕರಗಿಸುವ ಔಷಧಿಯನ್ನು ಸಣ್ಣ ನಳಿಗೆಯಿಂದ ಅಲ್ಲಿಗೇ ಸ್ವಲ್ಪ ಸ್ವಲ್ಪ ಬಿಟ್ಟೆ.

ಕೊನೆಗೆ, ಪಾರ್ಶ್ವವಾಯು ಆದವರಲ್ಲಿ ಹೆಪ್ಪು ತೆಗೆಯಲು ಬಳಸುವ, ಒಳಗೆ ಬಿಡದೆ ವಾಪಸು ಎಳೆದುಕೊಳ್ಳುವ ಇನ್ನೊಂದು ಬಗೆಯ ಜಾಲರಿಯನ್ನು ತರಿಸಿದೆ. ಅದನ್ನು ಸುರುಳಿಯ ಪಕ್ಕದಿಂದ ದಾಟಿಸಿ, ಆಚೆ ಕಡೆಯಿಂದ ಬಿಚ್ಚುತ್ತಾ ಬಂದು, ಅದರ ಕಣ್ಣುಗಳಲ್ಲಿ ಸುರುಳಿ ಸಿಕ್ಕಿಕೊಳ್ಳಲಿ ಎಂದು ಕಾದೆ. ಕಾಯುವುದು ಎಳೆಯುವುದಕ್ಕಿಂತ ಕಷ್ಟ. ಹೀರುವ ನಳಿಗೆಯನ್ನು ಹತ್ತಿರಕ್ಕೆ ತಂದು, ಹೀರುತ್ತಲೇ ಎರಡನ್ನೂ ಒಟ್ಟಿಗೆ ಹಿಂದಕ್ಕೆ ತಂದೆ. ಗುಳ್ಳೆಯೊಳಗಿನ ಸುರುಳಿಗಳು ಒಮ್ಮೆ ಅಲುಗಾಡಿ ಸುಮ್ಮನಾದವು. ಜಾರಿದ ಸುರುಳಿ ದಪ್ಪ ನಳಿಗೆಯೊಳಗೆ ಸೇರಿತು.

ಒದ್ದೆ ಬಟ್ಟೆಯ ಮೇಲೆ ಅದನ್ನು ಇಟ್ಟಾಗ ಎಲ್ಲರೂ ಬಗ್ಗಿ ನೋಡಿದರು. ಕರಿಗೆಂಪು ಹೆಪ್ಪು ಮೆತ್ತಿಕೊಂಡ ಒಂದಿಷ್ಟು ತಂತಿ. ಟೆಕ್ನಿಷಿಯನ್ ಸಿಕ್ಕಿತಲ್ಲ ಸಾರ್ ಎಂದ. ನಾನು ಬಣ್ಣ ಬಿಟ್ಟು ನೋಡಿದೆ. ದೊಡ್ಡ ನಾಳ ತೆರೆದಿತ್ತು. ಗುಳ್ಳೆ ಮುಚ್ಚಿತ್ತು. ಮೇಲಿನ ಕವಲೂ ತೆರೆದಿತ್ತು, ಆದರೆ ಅದರಿಂದ ಮುಂದೆ ಹೋಗುವ ಒಂದು ಸಣ್ಣ ಟಿಸಿಲು ಕಾಣಿಸಲಿಲ್ಲ. ಹೆಪ್ಪಿನ ತುಣುಕೊಂದು ಅಲ್ಲಿಗೆ ಹೋಗಿ ಕುಳಿತಿತ್ತು. ನಳಿಗೆ ಹೋಗದಷ್ಟು ಸಪೂರ ಜಾಗ. ಔಷಧಿ ಬಿಟ್ಟು ಕಾದೆವು, ಮತ್ತೆ ಬಿಟ್ಟು ಕಾದೆವು. ಅದು ತೆರೆಯಲಿಲ್ಲ.

ಎಚ್ಚರವಾದ ಮೇಲೆ ಎಡಗೈ ಎತ್ತಿ ಎಂದೆ, ಎತ್ತಿದ. ಬಲಗೈ ತಡವಾಗಿ, ಅರ್ಧಕ್ಕೆ ಬಂತು. ನಾನು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೆಸರೇನು ಎಂದು ಕೇಳಿದೆ. ಬಾಯಿ ತೆರೆದ, ತುಟಿ ಕೂಡಿಸಲು ನೋಡಿದ, ದನಿ ಬರಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ನಂತರ ನನ್ನ ಮುಖ ನೋಡಿದ. ಹೊರರೋಗಿ ವಿಭಾಗದಲ್ಲಿ ನಕ್ಕು ಮಾತಾಡುವಾಗ ನೋಡಿದ್ದನಲ್ಲ, ಅದೇ ನೋಟ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಹೆಂಡತಿಗೆ ಆದದ್ದನ್ನು ಆದಂತೆಯೇ ಹೇಳಿದೆ. ಜೀವಕ್ಕೆ ಅಪಾಯವಿಲ್ಲ, ಕೈ ಸರಿಹೋಗುತ್ತದೆ, ಮಾತು ಎಷ್ಟು ಬರುತ್ತದೆ ಎಂದು ಈಗ ಹೇಳಲಾಗದು. ಆಕೆ ಅಳಲಿಲ್ಲ. "ನಾನೇ ನಿಲ್ಸಿದ್ದು" ಎಂದಳು. ಸುರುಳಿ ಜಾರಿದ್ದಕ್ಕೂ ಮಾತ್ರೆಗೂ ಸಂಬಂಧವಿಲ್ಲ, ಅದು ನನ್ನ ಕೈಯಲ್ಲಿ ಆದದ್ದು ಎಂದೆ. ಅದು ನಿಜ. ಮಾತ್ರೆ ಇದ್ದಿದ್ದರೆ ಹೆಪ್ಪು ಕಟ್ಟುತ್ತಿತ್ತೋ ಇಲ್ಲವೋ ಎಂದು ಆಕೆ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆಕೆ ಕೇಳಲಿಲ್ಲ. ಗಂಡನ ಕಾಲಿನ ಕಡೆ ಹೋಗಿ, ಹೊದಿಕೆ ಸರಿಸಿ, ಕಣಕಾಲಿನ ಹಳೆಯ ಉಂಬಳದ ಕಲೆಗಳ ಮೇಲೆ ಕೈಯಾಡಿಸುತ್ತಾ ನಿಂತಳು.

ವಿಭಾಗದ ಸಭೆಯಲ್ಲಿ ಈ ಪ್ರಕರಣವನ್ನು ನಾನೇ ಇಟ್ಟೆ. ಸ್ಟೆಂಟ್ ಇಟ್ಟಿದ್ದರೆ ಕವಲು ಬೇಗ ತೆರೆಯುತ್ತಿತ್ತು, ಮಾತು ಉಳಿಯುತ್ತಿತ್ತೇನೋ ಎಂದು ಹಿರಿಯರೊಬ್ಬರು ಅಭಿಪ್ರಾಯಪಟ್ಟರು. ಮಾತ್ರೆ ಬಿಟ್ಟವನಿಗೆ ಸ್ಟೆಂಟ್ ಇಟ್ಟು ಹೆಣ ಎತ್ತುವುದಕ್ಕಿಂತ ಇದೇ ಲೇಸು ಎಂದು ಇನ್ನೊಬ್ಬರು. ಘಟ್ಟದ ಮೇಲಿನಿಂದ ಬರುವ ರೋಗಿಗಳನ್ನು ಈಗ ಉಂಬಳ ಕಚ್ಚಿದ್ದು ಎಷ್ಟು ಹೊತ್ತು ಸೋರಿತು ಎಂದು ತಪ್ಪದೆ ಕೇಳುತ್ತೇನೆ. ಕರಾವಳಿಯ ಸಹೋದ್ಯೋಗಿಗಳು ಇದನ್ನು ತಮಾಷೆ ಮಾಡುತ್ತಾರೆ. ಮಾಡಲಿ.

ಮಳೆ ಕಳೆದ ಮೇಲೆ ಅವರಿಬ್ಬರೂ ತಪಾಸಣೆಗೆ ಬಂದರು. ಕೈ ಬಹುಪಾಲು ಸರಿಯಾಗಿತ್ತು. ಆಂಜಿಯೋದಲ್ಲಿ ಗುಳ್ಳೆ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು. ಕಾಗದದ ಲೆಕ್ಕದಲ್ಲಿ ಅದು ಯಶಸ್ವಿ ಚಿಕಿತ್ಸೆ. ಬಸ್ಸಿಗೆ ಬೇರೆಯವರು ಬಂದಿದ್ದರು. ಮಾಲೀಕರು ಒಳ್ಳೆಯವರು, ಡಿಪೋದಲ್ಲಿ ಬಸ್ ತೊಳೆಯುವ ಕೆಲಸ ಕೊಟ್ಟಿದ್ದರಂತೆ.

ಮಾತು ಕಲಿಸುವವರ ಹತ್ತಿರ ಹೋಗುತ್ತಿದ್ದೀರಾ ಎಂದೆ. ತಲೆಯಾಡಿಸಿದ. ಹೆಂಡತಿಯ ಕಡೆ ಕೈ ತೋರಿಸಿ, ಇವರು ಯಾರು ಎಂದು ಕೇಳಿದೆ. ಕೇಳಬಾರದಿತ್ತು. ಆತನ ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು, ಮುಷ್ಟಿಯಿಂದ ತೊಡೆಗೆ ಗುದ್ದಿಕೊಂಡ. ಹೋಗಲಿ ಬಿಡಿ ಎಂದು ನಾನು ಮಾತು ತಿರುಗಿಸಲು ಹೊರಟೆ. ಆಕೆ ನನ್ನನ್ನು ತಡೆದಳು.

"ಸ್ವಲ್ಪ ಹೊತ್ತು ಸುಮ್ನಿರಿ ಡಾಕ್ಟ್ರೆ. ಅವ್ರು ಕೊಪ್ಪದಿಂದ ಬರ್ಬೇಕು."

ಆತ ಕಣ್ಣು ಮುಚ್ಚಿದ. ಮುಷ್ಟಿ ಸಡಿಲಿಸಿದ. ಬಸ್ ಸ್ಟ್ಯಾಂಡಿನ ಅದೇ ರಾಗ, ದನಿ ಮಾತ್ರ ತಗ್ಗಿತ್ತು. "ಕೊಪ್ಪಾ... ಹರಿಹರಪುರಾ... ಶೃಂಗೇರೀ... ನೆಮ್ಮಾರೂ." ಅಲ್ಲಿಗೆ ನಿಲ್ಲಿಸಿ, ಕಣ್ಣು ತೆರೆದು, ಆಕೆಯ ತೋಳು ಮುಟ್ಟಿದ.

ಹೀಗಾಗುವುದುಂಟು. ಹೊಸದಾಗಿ ಕಟ್ಟಬೇಕಾದ ಮಾತು ಹೋಗಿರುತ್ತದೆ, ಸಾವಿರ ಸಲ ಹೇಳಿ ಬಾಯಿಪಾಠವಾದದ್ದು ಬೇರೆಲ್ಲೋ ಉಳಿದಿರುತ್ತದೆ. ಅದರ ನಡುವಿನಿಂದ ಒಂದು ಪದವನ್ನು ಕಿತ್ತುಕೊಳ್ಳಲು ಬರುವುದಿಲ್ಲ, ಮೊದಲಿನಿಂದ ಹೇಳಿಕೊಂಡೇ ಬರಬೇಕು. ಇದೆಲ್ಲ ನನಗೆ ಓದಿ ಗೊತ್ತಿತ್ತು.

"ಮಧ್ಯದಲ್ಲಿ ಯಾರಾದ್ರೂ ಮಾತಾಡ್ಸಿದ್ರೆ ಮತ್ತೆ ಕೊಪ್ಪಕ್ಕೇ ಹೋಗ್ಬೇಕು" ಎಂದಳು ಆಕೆ. "ನಾ ಒಳಗೆ ಅಡುಗೆ ಮಾಡ್ತಿರ್ತೀನಿ. ಕೊಪ್ಪ ಅಂದ ಕೂಡ್ಲೆ ಗೊತ್ತಾಗ್ತದೆ, ನನ್ನೇ ಕರಿತಿರೋದು ಅಂತ. ಶೃಂಗೇರಿ ಬರೋಷ್ಟೊತ್ತಿಗೆ ಕೈ ಒರೆಸ್ಕೊಂಡು ಬಾಗಿಲಿಗೆ ಬಂದಿರ್ತೀನಿ. ಆದ್ರೂ ನೆಮ್ಮಾರು ಅನ್ನೋ ತನಕ ಎಂತ ಅಂತ ಕೇಳಲ್ಲ."

ಅವರು ಎದ್ದು ಹೊರಗೆ ಹೋದರು. ಆಕೆ ಔಷಧಿಯ ಕೌಂಟರಿನ ಕಡೆ ನಡೆದಿರಬೇಕು. ಮುಂದಿನವರನ್ನು ಕರೆಯಲು ಗಂಟೆಯ ಗುಂಡಿಗೆ ಕೈ ಹಾಕಿದ್ದೆ, ಬಾಗಿಲಾಚೆ ಬೆಂಚಿನಿಂದ "ಕೊಪ್ಪಾ..." ಎಂಬ ದನಿ ಕೇಳಿಸಿತು. ಗಂಟೆ ಬಾರಿಸಿದರೆ ಆತ ಮತ್ತೆ ಮೊದಲಿನಿಂದ ಹೊರಡಬೇಕಾಗುತ್ತದೆ. ನೆಮ್ಮಾರು ಬರುವವರೆಗೆ ನಾನು ಗುಂಡಿ ಒತ್ತಲಿಲ್ಲ.